ಒಮಾನಿನ ಕಾಲುವೆ, ಓಲ್ಡ್ ಟೌನಿನ ಬಾವಿ

ಓಲ್ಡ್ ಟೌನ್, ಹೊರಡುವ ಮುಂಚೆ

ಮಸ್ಕತ್ತಿಗೆ ಹೋಗಿ ಬಂದವಳು ಎಂದರೆ ಇವತ್ತಿಗೂ ಜನ ಮೊದಲು ಚಿನ್ನದ ವಿಚಾರ ಕೇಳುತ್ತಾರೆ. ಆಮೇಲೆ ವಿಮಾನದ ವಿಚಾರ. ಚಿನ್ನ ನಾನು ತರಲಿಲ್ಲ. ವಿಮಾನದಲ್ಲಿ ಕಿಟಕಿ ಪಕ್ಕದ ಮಹನೀಯರು ಪರದೆ ಇಳಿಸಿ ಉದ್ದಕ್ಕೂ ನಿದ್ದೆ ಹೊಡೆದದ್ದರಿಂದ ಸಮುದ್ರವನ್ನು ಮೇಲಿನಿಂದ ನೋಡಿದ್ದೂ ಇಲ್ಲ. ನೀರಿನ ವಿಚಾರ ಯಾರೂ ಕೇಳುವುದಿಲ್ಲ. ನನಗೆ ನೆನಪಿರುವುದು ಮಾತ್ರ ಅದೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ತಮ್ಮ ಸತೀಶ ಮಸ್ಕತ್ತಿನ ಒಂದು ಕಟ್ಟಡದ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ವೀಣಾಗೆ ಚೊಚ್ಚಲ ಹೆರಿಗೆ, ಪ್ರಯಾಣ ಮಾಡಬಾರದೆಂದು ಡಾಕ್ಟರು ಹೇಳಿದ್ದರು. ಅವಳಿಗೆ ತಾಯಿ ಇಲ್ಲ. ಬಾಣಂತನಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಶಿವರಾತ್ರಿ ಕಳೆದ ಮೇಲೆ ಹೋಗುವುದು, ಮುಂಗಾರಿಗೆ ಮುಂಚೆ ಬರುವುದು ಎಂದಾಯಿತು.

ಹೊರಡುವ ಹೊತ್ತಿಗೆ ಮಾತ್ರ ನನ್ನ ಮನಸ್ಸು ಸರಿ ಇರಲಿಲ್ಲ. ಕಾರಣ, ನಮ್ಮ ಬೀದಿಯ ಬಾವಿ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಚಿಕ್ಕ ಬೀದಿ. ನಡುವೆ ಎಲ್ಲರದೂ ಆದ ಒಂದು ಸೇದುವ ಬಾವಿ. ಕಲ್ಲಿನ ಕಟ್ಟೆ, ಎರಡು ರಾಟೆ, ಪಕ್ಕದಲ್ಲಿ ಬಟ್ಟೆ ಒಗೆಯುವ ಬಂಡೆ. ನಲ್ಲಿ ಬಂದ ಮೇಲೂ ಬಾವಿಯನ್ನು ನಾವು ಬಿಟ್ಟಿರಲಿಲ್ಲ. ನಲ್ಲಿ ನೀರಿನ ಕಾಫಿಗೆ ರುಚಿಯೇ ಇಲ್ಲ ಎಂಬುದು ಬೀದಿಯ ಹೆಂಗಸರ ಒಮ್ಮತದ ತೀರ್ಪು. ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟರಂತೂ ಬೀದಿಗೆ ಬೀದಿಯೇ ಕಟ್ಟೆಯ ಮೇಲೆ. ಒಂದು ಕಡೆ ನಮ್ಮಂಥ ಕಾರ್ಖಾನೆಯವರು, ಇನ್ನೊಂದು ಕಡೆ ಅಂಗಡಿಯವರು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಆ ಎರಡು ರಾಟೆಯ ಕಿರುಗುಟ್ಟುವಿಕೆಯಲ್ಲಿ ಬೆರೆತುಹೋಗುತ್ತಿದ್ದವು.

ಎದುರು ಮನೆಯ ಪಾರ್ವತಕ್ಕನವರದು ಹಳೆಯ ಶೈವ ಮನೆತನ, ಬಟ್ಟೆ ಅಂಗಡಿ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಕುಣಿಕೆ ಹಾಕಿ ಕೊಡ ಇಳಿಸುವುದನ್ನು ಹೇಳಿಕೊಟ್ಟವರೇ ಅವರು. ನಮ್ಮೂರಲ್ಲಿ ಕೆರೆ ಇತ್ತೇ ಹೊರತು ಬಾವಿ ಇರಲಿಲ್ಲ. ಆ ಪಾರ್ವತಕ್ಕ ಆ ವರ್ಷ ತಮ್ಮ ಅಂಗಳದಲ್ಲಿ, ಬಾವಿಯಿಂದ ಕೂಗಳತೆಯೂ ಅಲ್ಲ, ಕೈಯಳತೆ ಎನ್ನಬಹುದಾದ ದೂರದಲ್ಲಿ, ಬೋರ್‌ವೆಲ್ ಕೊರೆಸುವ ಮಾತೆತ್ತಿದರು.

"ಹಿಂದಿನ ಬೀದಿ ಬಾವಿ ಏನಾಯ್ತು ನೋಡಿಲ್ವಾ ಪಾರ್ವತಕ್ಕ? ಬೋರು ಬಿದ್ದ ಮರುವರ್ಷವೇ ತಳ ಕಾಣ್ತು. ಈಗ ಅದರೊಳಗೆ ಕಸ ಹಾಕ್ತಾರೆ," ಎಂದೆ.

"ನಮ್ಮ ಜಾಗದಲ್ಲಿ ನಾವು ತೂತು ಕೊರೆಸಿದ್ರೆ ನಿಂಗ್ಯಾಕೆ ಹೊಟ್ಟೆಯುರಿ?"

"ಮೇಲಿನ ಜಾಗ ನಿಮ್ದು. ಕೆಳಗಿನ ನೀರಿಗೂ ಕಾಂಪೌಂಡ್ ಕಟ್ಸಿದೀರಾ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕುಬಿಟ್ಟರು. ಪಾರ್ವತಕ್ಕನ ಮುಖ ಕೆಂಪಾಯಿತು. "ಮಸ್ಕತ್ತಿಗೆ ಹೋಗೋಳಿಗೆ ನಮ್ಮ ಬಾವಿ ಯೋಚನೆ ಯಾಕೆ ಮಾರಾಯ್ತಿ? ಅಲ್ಲಿ ಚಿನ್ನದ ನಲ್ಲಿ ಇರುತ್ತಂತೆ, ಕುಡ್ಕೊಂಡು ಅಲ್ಲೇ ಇರು," ಎಂದವರೇ ಅರ್ಧ ತುಂಬಿದ ಕೊಡವನ್ನು ಹಾಗೇ ಎತ್ತಿಕೊಂಡು, ಗೋಡೆ ಹಿಡಿದು ಹಿಡಿದು ಮನೆಗೆ ಹೋದರು. ಬೀದಿಯವರೆಲ್ಲ ನನ್ನ ಪರ. ಬೋರು ಬೇಡವೇ ಬೇಡ ಎಂದು ಒಬ್ಬರಾದ ಮೇಲೊಬ್ಬರು ಅವರ ಯಜಮಾನರಿಗೂ ಹೇಳಿದರು. ಅವರು ಒಪ್ಪಲಿಲ್ಲ. ನಮ್ಮಿಬ್ಬರ ಮಾತು ನಿಂತಿತು.

ಶಿವಮೊಗ್ಗ: ಶುಂಠಿಯೂ ಸಭೆಯೂ

ಬಾಣಂತನದ ಸಾಮಾನಿಗೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ಒಣಶುಂಠಿ, ಹಿಪ್ಪಲಿ, ಓಮ, ಅಂಟು, ಉತ್ತುತ್ತೆ, ಕೊಬ್ಬರಿ. ಗಸಗಸೆ ಮಾತ್ರ ಬೇಡ, ಇಲ್ಲಿ ಅದು ಅಫೀಮಿನ ಲೆಕ್ಕ, ತಂದರೆ ಅಕ್ಕ ತಮ್ಮ ಇಬ್ಬರೂ ಜೈಲಿನಲ್ಲಿ ಬಾಣಂತನ ಮಾಡಬೇಕಾಗುತ್ತೆ ಎಂದು ಸತೀಶ ಬರೆದಿದ್ದ. ಅಂಗಡಿಯ ಸಾಹೇಬರು ಕೇಳಿ ಬೆರಗಾದರು: "ಅರೆ, ಗಸಗಸೆ ಏನು ಗುನಾಹ್ ಮಾಡ್ತು ಅಮ್ಮಾ?"

ಅದೇ ದಿನ ಊರಿನ ಒಂದು ಸಭಾಂಗಣದಲ್ಲಿ ಅಂತರ್ಜಲದ ಬಗ್ಗೆ ಸಭೆಯಿತ್ತು. ನಮ್ಮ ಬೀದಿಯ ಮುರುಗೇಶಣ್ಣ, ಕಾರ್ಖಾನೆಯಿಂದ ರಿಟೈರ್ ಆದ ಕ್ರೇನ್ ಆಪರೇಟರು, "ನಮ್ಮ ಬಾವಿ ವಿಚಾರ ಹೇಳೋಣ, ಬಾಮ್ಮಾ" ಎಂದು ಕರೆದುಕೊಂಡು ಹೋದರು. ಜನರನ್ನು ಸೇರಿಸಿಕೊಂಡೇ ನೀರಿನ ಯೋಜನೆ ಮಾಡಬೇಕು ಎಂದು ಬ್ಯಾನರಿನಲ್ಲಿ ದೊಡ್ಡದಾಗಿ ಬರೆದಿತ್ತು. ವೇದಿಕೆಯ ಮೇಲಿದ್ದವರು ಒಬ್ಬೊಬ್ಬರಾಗಿ ಅದನ್ನೇ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಜನರ ಸರದಿ ಬರುವ ಹೊತ್ತಿಗೆ ಕೇಸರಿಬಾತು ಬಂತು. ತಿಂದು ಎದ್ದೆವು.

ಬಸ್ಸಿನಲ್ಲಿ ಮುರುಗೇಶಣ್ಣ ಅಂದರು: "ಕೇಸರಿಬಾತಿಗೆ ತುಪ್ಪ ಚೆನ್ನಾಗಿ ಹಾಕಿದ್ರು. ಅಷ್ಟು ಹೇಳ್ಬೇಕು."

ಮಸ್ಕತ್: ಬಿಸಿ ಬರುವ ತಣ್ಣೀರು ನಲ್ಲಿ

ಮಸ್ಕತ್ ವಿಮಾನ ನಿಲ್ದಾಣದಲ್ಲಿ ನನ್ನ ಟ್ರಂಕು ಬಿಚ್ಚಿಸಿದರು. ಬಿಳಿ ನಿಲುವಂಗಿಯ ಅಧಿಕಾರಿ ಬಾಣಂತಿ ಪುಡಿಯ ಡಬ್ಬಿ ತೆಗೆದು, ಮೂಗಿಗೆ ಹಿಡಿದು, ಬೇಕಾದ್ದಕ್ಕಿಂತ ಜೋರಾಗಿ ಉಸಿರೆಳೆದುಕೊಂಡರು. ಆಮೇಲೆ ಬಂದ ಸೀನುಗಳಿಗೆ ಸಾಲು ಸಾಲೇ ತಿರುಗಿ ನೋಡಿತು. ನಾನು ಕೈಯಲ್ಲಿ ಮಗುವನ್ನು ತೂಗುವ ಹಾಗೆ ಮಾಡಿ ತೋರಿಸಿದೆ. ಅವರು ಕಣ್ಣೊರೆಸಿಕೊಂಡು ಏನೋ ಹೇಳಿ, ನಗುತ್ತಾ ಡಬ್ಬಿ ಮುಚ್ಚಿಕೊಟ್ಟರು. ಅವರ ಮನೆಯಲ್ಲೂ ಹೆರಿಗೆಯಾಗಿರಬೇಕು.

ವೀಣಾಗೆ ಗಂಡುಮಗು. ಮೊದಲ ದಿನ ಮಗುವಿಗೆ ನೀರೆರೆಯಲು ಬಚ್ಚಲಿಗೆ ಹೋಗಿ ತಣ್ಣೀರು ನಲ್ಲಿ ತಿರುಗಿಸಿದೆ. ಕುದಿಯುವ ನೀರು! ಕೈ ಚುರ್ ಎಂದಿತು. ಸತೀಶ ಓಡಿಬಂದ.

"ಅಕ್ಕಾ, ಇಲ್ಲಿ ಲೆಕ್ಕ ಉಲ್ಟಾ. ತಾರಸಿ ಮೇಲಿನ ಟ್ಯಾಂಕು ಬಿಸಿಲಿಗೆ ಕಾದಿರುತ್ತೆ. ತಣ್ಣೀರು ಬೇಕಂದ್ರೆ ಗೀಸರ್ ಆಫ್ ಮಾಡಿ ಬಿಸಿನೀರು ನಲ್ಲಿ ತಿರುಗಿಸ್ಬೇಕು, ಮನೆಯೊಳಗಿನ ಆ ನೀರೇ ತಣ್ಣಗಿರೋದು."

ನಮ್ಮ ಮನೆಯ ಹಂಡೆ ಒಲೆ, ಹೊಗೆ, ಕಣ್ಣೀರು ಎಲ್ಲ ನೆನಪಾಗಿ ನಗು ಬಂತು. ಇಲ್ಲಿ ಸೂರ್ಯನೇ ಸೌದೆ. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಸಮುದ್ರದ ನೀರನ್ನೇ ಉಪ್ಪು ತೆಗೆದು ಕೊಡುತ್ತಾರೆ ಎಂದ. ಅಂದಿನಿಂದ ಪ್ರತಿ ಲೋಟವನ್ನೂ ಚಪ್ಪರಿಸಿ ಉಪ್ಪು ಹುಡುಕಿದೆ. ಇರಲಿಲ್ಲ. ಏನೂ ಇರಲಿಲ್ಲ. ಆ ನೀರಿನ ಕಾಫಿ ಕುಡಿದಾಗಲೆಲ್ಲ ನಮ್ಮ ಬಾವಿ ನೆನಪಾಯಿತು.

ಊರಿಗೆ ಮಾತಾಡಬೇಕೆಂದರೆ ಇನ್ನೊಂದು ಪೇಚು. ನಮ್ಮ ಕಡೆ ಫೋನಿದ್ದದ್ದು ಪಾರ್ವತಕ್ಕನ ಮನೆಯಲ್ಲಿ ಮಾತ್ರ. ಹಿಂದೆಲ್ಲ ನಮಗೆ ಫೋನು ಬಂದರೆ ಬಾಗಿಲಲ್ಲಿ ನಿಂತು ಬೀದಿಗೆ ಕೇಳುವಂತೆ ಕೂಗುತ್ತಿದ್ದರು, ಜೊತೆಗೆ ಪಕ್ಕದಲ್ಲೇ ಕೂತು ಅರ್ಧ ಮಾತು ತಾವೇ ಆಡುತ್ತಿದ್ದರು. ಈಗ ಪಾರ್ವತಕ್ಕನೇ ಎತ್ತಿದರು.

"ಹಲೋ, ನಾನು ಜಯಾ, ಮಸ್ಕತ್ತಿಂದ."

"ಹಿಡ್ಕೊಳಿ. ಕರೀತೀನಿ."

ಹಿಡ್ಕೊಳಿ! ಇಷ್ಟು ವರ್ಷದಲ್ಲಿ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಬೈದಿದ್ದರೆ ವಾಸಿಯಿತ್ತು. ನಮ್ಮ ಮನೆಯವರು ಬಂದು ಪಿಸುದನಿಯಲ್ಲಿ ಅಂದರು: "ಬೇಗ ಮಾತಾಡು ಮಾರಾಯ್ತಿ. ಕುರ್ಚಿ ಕೊಡ್ಲಿಲ್ಲ, ನಿಂತಿದೀನಿ."

ಸೈಫನ ಊರಿನ ದಾರಿ

ಸತೀಶನ ಆಫೀಸಿನಲ್ಲಿ ಸೈಫ್ ಎಂಬ ಒಮಾನಿ ಹುಡುಗ, ಅಂದರೆ ಮೂವತ್ತು ದಾಟಿದವನೇ, ಕೆಲಸಕ್ಕಿದ್ದ. ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವನು. ನನ್ನದು ಓಲ್ಡ್ ಟೌನ್ ಬಜಾರಿನ ಹಿಂದಿ. ಇಬ್ಬರಿಗೂ ವ್ಯಾಕರಣದ ಹಂಗಿಲ್ಲದ್ದರಿಂದ ಚೆನ್ನಾಗಿ ಹೊಂದಿತು. ಅವನ ತಾಯಿ ವೀಣಾಗೆಂದು ಜೇನು, ತುಪ್ಪ, ಮೆಂತ್ಯ ಕಳಿಸಿದ್ದರು. ಮೆಂತ್ಯ ನೋಡಿ ನಾನು ದಂಗಾದೆ. ಸಮುದ್ರ ದಾಟಿ ಬಂದರೂ ಬಾಣಂತಿಗೆ ಮೆಂತ್ಯ ತಪ್ಪಲಿಲ್ಲವಲ್ಲ! ಅಲ್ಲೂ ನಲವತ್ತು ದಿನದ ಬಾಣಂತನವಂತೆ, ಅಲ್ಲೂ ತಲೆಗೆ ಬಟ್ಟೆ ಕಟ್ಟುತ್ತಾರಂತೆ.

"ದೀದಿ, ಅಮ್ಮ ನಿಮ್ಮನ್ನು ನೋಡಬೇಕಂತೆ," ಎಂದ. ಬಾಣಂತನದ ನಲವತ್ತು ಮುಗಿದ ಮೇಲೆ, ವೀಣಾ ಮತ್ತು ಮಗುವನ್ನು ಪಕ್ಕದ ಮನೆಯ ಮಲೆಯಾಳಿ ನರ್ಸಮ್ಮನಿಗೆ ಒಪ್ಪಿಸಿ, ಒಂದು ಗುರುವಾರ ನಾನೂ ಸತೀಶನೂ ಅವನ ಕಾರು ಹತ್ತಿದೆವು. ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಭಾನುವಾರ ಕೆಲಸಕ್ಕೆ ಹೋಗುವುದೆಂದರೆ ನನಗೆ ಕೊನೆಯವರೆಗೂ ಒಗ್ಗಲಿಲ್ಲ.

ನಿಜ್ವಾ ಕಡೆಯ ದಾರಿ. ಎರಡೂ ಬದಿ ಬೋಳು ಬೆಟ್ಟ. ಹಸಿರು ಎಂಬುದು ಹುಡುಕಿದರೂ ಇಲ್ಲ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವ ರಸ್ತೆಯಲ್ಲಿ ಮರಗಳು ತಲೆಯ ಮೇಲೆ ಕೂಡಿಕೊಂಡು ಕತ್ತಲಾಗುವುದನ್ನು ಸೈಫನಿಗೆ ವರ್ಣಿಸಿದೆ. ತುಂಗೆಯ ನೀರಲ್ಲಿ ಆನೆಗಳು ಮಲಗಿ ಮೈ ಉಜ್ಜಿಸಿಕೊಳ್ಳುತ್ತವೆ ಎಂದೆ.

"ಆನೆ ಸ್ನಾನ ಮಾಡುವಷ್ಟು ನೀರಾ?" ಎಂದು ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದ. ಸತೀಶ "ಮುಂದೆ ನೋಡಪ್ಪಾ" ಎಂದು ಕಿರುಚಿದ.

"ಇಷ್ಟು ನೀರಿರುವ ಊರಲ್ಲಿ ನೀರಿಗೆ ಜಗಳ ಇರೋದೇ ಇಲ್ಲ ಅಲ್ವಾ ದೀದಿ?"

ನಾನು ಕಿಟಕಿಯತ್ತ ತಿರುಗಿ ಬೆಟ್ಟ ನೋಡುತ್ತಾ ಕೂತೆ.

ಕಾಲು ತೊಳೆದದ್ದು

ಬೆಟ್ಟ ಸರಿದು ಒಮ್ಮೆಗೇ ಖರ್ಜೂರದ ತೋಟ ಕಂಡಿತು. ಊರು ಅಂದರೆ ಮಣ್ಣಿನ ಬಣ್ಣದ ಮನೆಗಳು, ನಡುವೆ ಹಸಿರು, ಹಸಿರಿನೊಳಗೆ ಸದ್ದು. ನೀರು ಹರಿಯುವ ಸದ್ದು. ಎಷ್ಟೋ ವಾರದಿಂದ ಕೇಳದ ಸದ್ದು ಅದು. ನನಗೆ ತಡೆಯಲಾಗಲಿಲ್ಲ, ಇಳಿದವಳೇ ಅದರ ಕಡೆ ನಡೆದೆ.

ನೆಲದೊಳಗಿಂದ ಒಂದು ಕಾಲುವೆ ಹೊರಬರುತ್ತಿತ್ತು. ಮೊಳದಗಲ, ಕಲ್ಲಿನ ಕಟ್ಟು, ಕನ್ನಡಿಯಂಥ ನೀರು. ಪಕ್ಕದಲ್ಲಿ ಮೆಟ್ಟಿಲು. ಯಾರ ಮನೆಗೇ ಹೋಗಲಿ, ಹೊಸ್ತಿಲು ದಾಟುವ ಮೊದಲು ಕಾಲು ತೊಳೆ ಎಂದು ನಮ್ಮಮ್ಮ ಬೆನ್ನಿಗೆ ಗುದ್ದಿ ಕಲಿಸಿದ್ದರು. ದೂಳಿನ ಕಾಲಲ್ಲಿ ಹೊಸಬರ ಮನೆಗೆ ಹೋಗುವುದೆ? ಸೀರೆ ಎತ್ತಿ ಹಿಡಿದು, ಮೆಟ್ಟಿಲಿಳಿದು, ಎರಡೂ ಕಾಲನ್ನು ನೀರಲ್ಲಿ ಅದ್ದಿ, ಹಿಮ್ಮಡಿ ಉಜ್ಜಿದೆ.

ಒಂದು ಕೂಗು ಕೇಳಿತು. ಕೊಂಚ ಕೆಳಗೆ ಕೊಡ ಹಿಡಿದು ನಿಂತಿದ್ದ ಹೆಂಗಸು ಕೊಡವನ್ನು ಥಟ್ಟನೆ ಮೇಲೆತ್ತಿಕೊಂಡಳು. ಸೈಫ್ ಓಡಿಬಂದು, "ದೀದಿ, ಅದು ಕುಡಿಯುವ ಜಾಗ!" ಎಂದ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ನಮ್ಮ ಮನೆಯ ಕುಡಿಯುವ ನೀರಿನ ಕೊಳಗಕ್ಕೆ ಯಾರಾದರೂ ಎಂಜಲು ಲೋಟ ಅದ್ದಿದರೆ ನಾನು ಮನೆ ಹಾರಿಹೋಗುವಂತೆ ಕೂಗುವವಳು. ಇಲ್ಲಿ ಒಂದೂರಿನ ಕೊಳಗಕ್ಕೆ ಕಾಲನ್ನೇ ಅದ್ದಿದ್ದೆ.

ಆಗ ಬಂದವರು ಸೈಫನ ತಾಯಿ. ಕಪ್ಪು ಮೇಲುವಸ್ತ್ರ, ಕಣ್ಣಿಗೆ ಕಾಡಿಗೆ, ನನಗಿಂತ ಹಿರಿಯರು. ಬೈಯಲಿಲ್ಲ. ನನ್ನ ಕೈ ಹಿಡಿದು ಕಾಲುವೆಯ ಗುಂಟ ಕೆಳಗೆ ನಡೆಸಿಕೊಂಡು ಹೊರಟರು. ಒಂದೊಂದು ಕಡೆ ನಿಂತು ಅಭಿನಯಿಸಿ ತೋರಿಸಿದರು. ಮೇಲೆ ಕುಡಿಯುವುದು. ಆಮೇಲೆ ಮಸೀದಿಯ ಬಳಿ ಕೈಕಾಲು ತೊಳೆಯುವುದು. ಆಮೇಲೆ ಗೋಡೆ ಮರೆಯಲ್ಲಿ ಗಂಡಸರ ಸ್ನಾನ, ಇನ್ನೊಂದು ಮರೆಯಲ್ಲಿ ಹೆಂಗಸರದು. ಆಮೇಲೆ ಪಾತ್ರೆ, ಬಟ್ಟೆ. ಆಮೇಲೆ ಖರ್ಜೂರದ ತೋಟಗಳು. ಕಟ್ಟಕಡೆಗೆ ತರಕಾರಿ, ಮೇವು ಬೆಳೆಯುವ ಬಯಲು. ಹೆಂಗಸರ ಮರೆಯಲ್ಲಿ ನನ್ನ ಕಾಲನ್ನು ಮತ್ತೊಮ್ಮೆ ತೊಳೆಸಿ, ವಾಪಸು ಮೇಲೆ ಕರೆತಂದು, ಅದೇ ಮೆಟ್ಟಿಲಲ್ಲಿ ಬೊಗಸೆ ಹಿಡಿಸಿ ನೀರು ಕುಡಿಸಿದರು. ಕೊಡದ ಹೆಂಗಸು ಆಗಲೇ ತುಂಬಿಕೊಂಡು ಹೋಗಿದ್ದಳು.

"ಹರಿಯುವ ನೀರು ದೀದಿ. ನಿಮ್ಮ ತಪ್ಪು ಈಗ ಈರುಳ್ಳಿ ಬೇರಿಗೆ ಸೇರಿರುತ್ತೆ," ಎಂದ ಸೈಫ್.

ನೀರಿಗೆ ರುಚಿಯಿತ್ತು. ನಮ್ಮ ಬಾವಿಯದೇ ರುಚಿ ಎನ್ನಲಾರೆ. ಆದರೆ ಕಲ್ಲಿನೊಳಗಿಂದ ಬಂದ ನೀರಿನ ಜಾತಿ ಒಂದೇ.

ಕೋಲಿನ ನೆರಳು

ಆ ಕಾಲುವೆಗೆ ಅಲ್ಲಿ ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಹಿರಿಯರು ನೆಲದೊಳಗೆ ಸುರಂಗ ಕೊರೆದು, ಇಳಿಜಾರಿನಲ್ಲೇ ನೀರನ್ನು ಊರಿಗೆ ತಂದಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಮಸೀದಿಯ ಎದುರಿನ ಬಯಲಲ್ಲಿ ನೆಟ್ಟ ಒಂದು ಕೋಲು ಹೇಳುತ್ತದೆ. ನೆಲದಲ್ಲಿ ಕಲ್ಲುಗಳ ಸಾಲು. ಕೋಲಿನ ನೆರಳು ಒಂದು ಕಲ್ಲು ದಾಟಿದರೆ ಒಬ್ಬರ ಸರದಿ ಮುಗಿದು ಇನ್ನೊಬ್ಬರದು. ಕೈಗಡಿಯಾರ ಕಟ್ಟಿಕೊಂಡವರೂ ನೆರಳನ್ನೇ ನೋಡುತ್ತಿದ್ದರು.

"ವಾಚು ಮುಂದೆ ಹಿಂದೆ ಮಾಡಬಹುದು. ನೆರಳು ಮಾಡೋಕಾಗುತ್ತಾ?" ಎಂದ ಸೈಫ್. ನಮ್ಮಲ್ಲಿ ತೋಟಕ್ಕೆ ಪಂಪು ಹಚ್ಚುವವರಿಗೆ ಕರೆಂಟು ಬಂದ ಹೊತ್ತೇ ಸರದಿ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಲೋಡ್ ಶೆಡ್ಡಿಂಗನ್ನು ಹಿಂದಿಯಲ್ಲಿ ವಿವರಿಸುವ ಶಕ್ತಿ ನನಗಿರಲಿಲ್ಲ.

ಶುಕ್ರವಾರ ಸಂಜೆ ಆ ಕೋಲಿನ ಹತ್ತಿರವೇ ಊರವರು ಸೇರಿದರು. ಮಳೆ ಬಂದು ಬಹಳ ಕಾಲವಾಗಿ ಕಾಲುವೆ ತೆಳುವಾಗಿತ್ತು. ಗಂಡಸರು ಚಾಪೆಯ ಮೇಲೆ. ಒಂದು ಗೋಡೆಯ ಪಕ್ಕ ಕೆಲವು ಹಿರಿಯ ಹೆಂಗಸರು. ಇವರಿಗೂ ತವರಿನಿಂದ ಬಂದ ನೀರಿನ ಸರದಿ ಇರುತ್ತದಂತೆ. ನೀರಿಗೆ ಪಾಲುದಾರರಾದ ಮೇಲೆ ಮಾತಿಗೂ ಪಾಲು. ನಾನು ಸೈಫನ ತಾಯಿಯ ಪಕ್ಕ ಕೂತೆ, ಸೈಫ್ ಹಿಂದಿನಿಂದ ಪಿಸುಗುಟ್ಟುತ್ತಾ ಅರ್ಥ ಹೇಳಿದ.

ವಿಷಯ ಸೈಫನ ಸೋದರಮಾವ ಖಲ್ಫಾನರದು. ಅವರ ತೋಟ ಊರಿನ ಮೇಲಂಚಿನಲ್ಲಿ, ಕಾಲುವೆ ಹೊರಬರುವ ಬಾಯಿಯ ಹತ್ತಿರ. ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಅವರ ಪಾಲಿಗೆ ಚೂರು ಹೊತ್ತಿನ ನೀರು ಉಳಿದಿತ್ತು. ಮರಗಳು ಬಾಡುತ್ತಿದ್ದವು. ತಮ್ಮ ತೋಟದಲ್ಲೇ ಬಾವಿ ತೋಡಿ ಡೀಸೆಲ್ ಪಂಪು ಇಡುತ್ತೇನೆ, ನನ್ನ ನೆಲ, ಯಾರೇನು ಹೇಳುವುದು ಎಂದರು. ಸೈಫ್ ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಆ ದನಿಯನ್ನು ನಾನು ನಮ್ಮ ಕಟ್ಟೆಯ ಮೇಲೆ ಕೇಳಿದ್ದೆ.

ಮೊದಲು ವಿರೋಧಿಸಿದವರು ಅವರ ಅಕ್ಕ, ಅಂದರೆ ಸೈಫನ ತಾಯಿಯೇ. "ನೀನು ಅಲ್ಲಿ ಪಂಪು ಹಚ್ಚಿದರೆ ಕಾಲುವೆ ಬಾಯಿ ಒಣಗುತ್ತೆ. ನಮ್ಮಪ್ಪ ನೆಟ್ಟ ಮರ ಉಳಿಸೋಕೆ ನಮ್ಮಪ್ಪ ಕುಡಿದ ನೀರು ಕಳೀತೀಯಾ?" ಎಂದರು. ಒಬ್ಬೊಬ್ಬರೂ ಬೇಡ ಎಂದರು. ಖಲ್ಫಾನ್ ತಲೆ ತಗ್ಗಿಸಿ ಕೂತರು. ಇಲ್ಲಿಗೆ ಮುಗಿಯಿತು, ಇನ್ನು ಎಲ್ಲರೂ ಎದ್ದುಹೋಗುತ್ತಾರೆ ಎಂದುಕೊಂಡೆ. ನಮ್ಮಲ್ಲಿ ಹಾಗೇ ಆಗಿತ್ತಲ್ಲ.

ಯಾರೂ ಏಳಲಿಲ್ಲ. ಸಣ್ಣ ಬಟ್ಟಲಲ್ಲಿ ಕಾಫಿ ಬಂತು. ನಮ್ಮ ಕಾಫಿಯಲ್ಲ, ಹಾಲಿಲ್ಲದ, ಏಲಕ್ಕಿಯ ಹಳದಿ ಕಾಫಿ. ಬಟ್ಟಲು ಖಾಲಿಯಾದಂತೆಲ್ಲ ಮತ್ತೆ ಸುರಿಯುತ್ತಲೇ ಇದ್ದರು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು ಎಂದು ನನಗೆ ತಿಳಿಯುವಷ್ಟರಲ್ಲಿ ಎದೆ ಡವಡವ ಎನ್ನುತ್ತಿತ್ತು. ಆಗ ನೀರಿನ ಉಸ್ತುವಾರಿಯ ಮುದುಕರು ಕೇಳಿದರು: "ಬಾವಿ ಬೇಡ ಅಂದೆವು. ಸರಿ. ಇವನ ಮರಕ್ಕೆ ಏನು?"

ಆ ಪ್ರಶ್ನೆಯ ಮೇಲೆ ಅವರು ಸಂಜೆಯೆಲ್ಲ ಕೂತರು. ತುದಿಯ ಬಯಲಲ್ಲಿ ಈ ವರ್ಷ ಈರುಳ್ಳಿ, ಮೇವು ಬಿತ್ತುವುದು ಬೇಡ. ಬರಗಾಲದಲ್ಲಿ ಆ ಬಯಲನ್ನು ಎಲ್ಲರೂ ಸೇರಿ ಬೀಳುಬಿಡುವುದು ಹಳೆಯ ಪದ್ಧತಿ. ಈರುಳ್ಳಿ ಮತ್ತೆ ಹಾಕಬಹುದು, ಮರ ಸತ್ತರೆ ಒಂದು ತಲೆಮಾರು ಹೋಯಿತು. ಹಾಗೆ ಉಳಿದ ಹೊತ್ತಿನಲ್ಲಿ ಒಂದಿಷ್ಟು ಖಲ್ಫಾನರ ತೋಟಕ್ಕೆ. ಯಾರದೂ ಅಲ್ಲದ, ಕಾಲುವೆಗೇ ಮೀಸಲಾದ ಒಂದು ಸರದಿಯಿತ್ತು, ನಮ್ಮಲ್ಲಿ ದೇವರ ಪಾಲು ಇರುವಂತೆ. ಮಳೆ ಬರುವವರೆಗೆ ಅದೂ ಅವರಿಗೇ. ತಮ್ಮ ಈರುಳ್ಳಿ ಮಡಿಯ ನೀರನ್ನು ಬಿಟ್ಟವರಲ್ಲಿ ಸೈಫನ ತಾಯಿಯೂ ಒಬ್ಬರು.

ಖಲ್ಫಾನ್ ಎದ್ದು ಮೀಸೆಯಡಿ ಏನೋ ಗೊಣಗಿದರು. ಎಲ್ಲರೂ ನಕ್ಕರು.

"ಏನಂದ್ರು?" ಎಂದೆ.

"ಅಕ್ಕ ಬೈದದ್ದಕ್ಕೆ ಬೇರೆ ಪರಿಹಾರ ಕೊಡಿ ಅಂದರು."

ನನಗೆ ಪಾರ್ವತಕ್ಕ ಗೋಡೆ ಹಿಡಿದು ಹಿಡಿದು ಮನೆಗೆ ಹೋದದ್ದು ಕಣ್ಣ ಮುಂದೆ ಬಂತು. ಅವರೇಕೆ ಗೋಡೆ ಹಿಡಿದಿದ್ದರು? ಬೀದಿಗೆ ಬೀದಿಯೇ ಬೇಡ ಎಂದಿದ್ದೆವು. ಬೋರು ಯಾಕೆ ಬೇಕು ಎಂದು ಒಬ್ಬರೂ ಕೇಳಿರಲಿಲ್ಲ.

ಮತ್ತೆ ಮಸ್ಕತ್: ಫೋನು

ಮರುವಾರ ಫೋನು ಮಾಡಿದೆ.

"ಹಿಡ್ಕೊಳಿ, ಕರೀ..."

"ಪಾರ್ವತಕ್ಕ, ಕರೀಬೇಡಿ. ನಿಮ್ಮ ಹತ್ರಾನೇ ಮಾತಾಡ್ಬೇಕು. ಮಂಡಿ ಹೇಗಿದೆ?"

ಫೋನಿನ ಬಿಲ್ಲು ಓಡುತ್ತಿದೆ ಎಂದು ಸತೀಶ ಬಾಗಿಲಲ್ಲೇ ಕೈಸನ್ನೆ ಮಾಡುತ್ತಿದ್ದ.

"ಮಂಡಿ ಎಲ್ಲಿ ಉಳಿದಿದೆ," ಎಂದರು ಕೊನೆಗೆ. "ಹಗ್ಗ ಎಳೆದ್ರೆ ಸೊಂಟದವರೆಗೂ ಜುಂ ಅನ್ನುತ್ತೆ. ಡಾಕ್ಟ್ರು ನೀರು ಸೇದಬೇಡಿ ಅಂದಿದಾರೆ. ಸೊಸೆ ಸ್ಕೂಲಿಗೆ ಪಾಠ ಮಾಡೋಕೆ ಹೋಗ್ತಾಳೆ, ಅವಳಿಗೆಷ್ಟು ಅಂತ ಹೇಳ್ಲಿ? ಇದನ್ನೆಲ್ಲ ಕಟ್ಟೆ ಮೇಲೆ ನಿಂತು ಡಂಗುರ ಹೊಡೀಬೇಕಿತ್ತಾ ನಾನು?"

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ಕಾಂಪೌಂಡ್ ಕಟ್ಸಿದೀರಾ ಅಂತ ಕೇಳ್ತಿದ್ಯಲ್ಲ, ಎಲ್ಲಿ ಹೇಳೋದು!" ಎಂದವರೇ, "ಮಗೂಗೆ ಸೆಖೆಗುಳ್ಳೆ ಎದ್ದಿಲ್ವಲ್ಲ?" ಎಂದರು. ಎದ್ದಿದೆ ಎಂದೆ. ಶ್ರೀಗಂಧ ತೇದು ಹಚ್ಚು ಎಂದರು. ಆಮೇಲೆ ತಣ್ಣಗೆ ಸೇರಿಸಿದರು: "ಬೋರಿನ ಲಾರಿಗೆ ಹೇಳಿಯಾಗಿದೆ ಜಯಾ. ನೀನು ಬರೋ ವಾರಾನೇ ಬರುತ್ತೆ. ಇನ್ನೇನೂ ಹೇಳ್ಬೇಡ."

ಶ್ರೀಗಂಧ ತೇದು ಹಚ್ಚಿದೆ. ಗುಳ್ಳೆ ಇಳಿಯಿತು. ಲಾರಿಯ ಯೋಚನೆ ಇಳಿಯಲಿಲ್ಲ.

ಮರಳಿ ಓಲ್ಡ್ ಟೌನ್

ಭದ್ರಾವತಿಯಲ್ಲಿ ಇಳಿದಾಗ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಆ ಸದ್ದಿಗೆ ಕಣ್ಣು ತುಂಬಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆ ಸೈರನ್ನಿಗೆ ಅಕ್ಕಿ ತೊಳೆದು, ಆ ಸೈರನ್ನಿಗೆ ಮನೆಯವರ ಬುತ್ತಿ ಕಟ್ಟಿ, ಬೈದುಕೊಂಡು ಕಳೆದ ವರ್ಷಗಳವು. ಮನೆಗೆ ಹೋಗಿ ಟ್ರಂಕು ಇಳಿಸಿ ಮೊದಲು ಬಾವಿಗೆ ಬಗ್ಗಿ ನೋಡಿದೆ. ಬೇಸಿಗೆಯ ಕೊನೆ. ಆಳದಲ್ಲಿ ಒಂದು ತಟ್ಟೆಯಷ್ಟು ಆಕಾಶ ಹೊಳೆಯುತ್ತಿತ್ತು.

ಖರ್ಜೂರ ಹಂಚುವ ನೆಪದಲ್ಲಿ ಭಾನುವಾರ ಬೀದಿಯವರನ್ನೆಲ್ಲ ಕಟ್ಟೆಗೆ ಕರೆದೆ. ಪಾರ್ವತಕ್ಕನೂ ಬಂದರು, ಕುರ್ಚಿ ತರಿಸಿಕೊಂಡು ಸ್ವಲ್ಪ ದೂರದಲ್ಲಿ ಕೂತರು. ಫಲಜಿನ ಕತೆ ಹೇಳಿದೆ. ಕಾಲು ಅದ್ದಿದ್ದು ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆರಳಿನ ಕೋಲು ಕೇಳಿ ನಮ್ಮ ಮನೆಯವರು, "ಇಲ್ಲೂ ಒಂದು ನೆಡೋಣ ಅಂತೀಯಾ? ಸಂಜೆಯೊಳಗೆ ಯಾರಾದ್ರೂ ಎಮ್ಮೆ ಕಟ್ತಾರೆ," ಎಂದರು.

ಆಮೇಲೆ ಖಲ್ಫಾನರ ವಿಚಾರ ಹೇಳಿದೆ. ನಗು ನಿಂತಿತು.

"ಬೋರು ಬೇಡ ಅಂತ ನಾವೆಲ್ಲ ಅಂದ್ವಿ. ಈಗಲೂ ಬೇಡ ಅಂತೀನಿ," ಎಂದೆ. "ಆದ್ರೆ ಬೇಡ ಅಂದೋರು ಏನು ಕೊಡ್ತೀವಿ?"

ಮುರುಗೇಶಣ್ಣ ಬೀಜ ಉಗಿದು ಅಂದರು: "ಪಾರ್ವತಮ್ಮೋರಿಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು? ನಾನು ಕ್ರೇನ್‌ನಲ್ಲಿ ಕಬ್ಬಿಣ ಎತ್ತಿದೋನು. ಕೊಡ ಎತ್ತಕ್ಕಾಗಲ್ವಾ?"

"ನಮ್ಮನೆ ಸರದಿ ಮಂಗಳವಾರ," ಎಂದರು ಮೂಲೆಮನೆಯ ಬೀಬಮ್ಮ. ಮಾತು ಅಲ್ಲಿಂದ ಹೊರಟಿತು. ಬಾವಿಯ ಒಳಗೋಡೆಯ ಒಂದು ಕಲ್ಲಿಗೆ ಕೆಂಪು ಬಣ್ಣ ಹಚ್ಚುವುದು, ನೀರು ಅದಕ್ಕಿಂತ ಕೆಳಗಿಳಿದರೆ ಯಾರೂ ಇಲ್ಲಿ ಬಟ್ಟೆ ಒಗೆಯದೆ ಭದ್ರಾ ಹೊಳೆಗೆ ಹೋಗುವುದು. ಸ್ಕೂಟರ್ ತೊಳೆಯುವವರೂ ಅಲ್ಲಿಗೇ. ಮಳೆಗಾಲದಲ್ಲಿ ಹತ್ತಿರದ ಮನೆಗಳ ಮಾಳಿಗೆ ನೀರು ಚರಂಡಿಗೆ ಹೋಗುತ್ತದಲ್ಲ, ಅದನ್ನು ಜಲ್ಲಿಯಲ್ಲಿ ಸೋಸಿ ಬಾವಿಗೆ ಇಳಿಸುವುದು. ಜಲ್ಲಿ ಯಾರು ತರುವುದು ಎಂಬಲ್ಲಿ ಜಗಳವೂ ಆಯಿತು, ಮುಗಿಯಿತು. ಶಿವಮೊಗ್ಗದ ಬ್ಯಾನರಿನಲ್ಲಿ ಬರೆದಿದ್ದದ್ದು ಬ್ಯಾನರಿಲ್ಲದೆ ನಡೆಯುತ್ತಿತ್ತು. ಕೇಸರಿಬಾತೂ ಇರಲಿಲ್ಲ.

ಪಾರ್ವತಕ್ಕ ಮಾತ್ರ ಎದ್ದರು. "ಎಲ್ಲ ಸೇರಿ ನಂಗೆ ನೀರು ಹಾಕ್ತೀರಾ? ನಾನೇನು ಬೀದೀಲಿ ಬಟ್ಟಲು ಹಿಡ್ದಿದೀನಾ?" ಎಂದವರೇ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಎಲ್ಲರಿಗೂ ಕೇಳಿತು. ಲಾರಿ ಬುಧವಾರ ಬರುವುದಿತ್ತು.

ನಾನು ಅವರ ಬಾಗಿಲು ಬಡಿಯಲು ಹೋಗಲಿಲ್ಲ. ಹೊಸ ಸೊಸೆಯಾಗಿ ಬಂದ ನನ್ನ ಕೈಗೆ ಹಗ್ಗ ಕೊಟ್ಟು, "ಜಗ್ಗಬೇಡ, ಕೊಡ ತಾನಾಗಿ ಬಗ್ಗಲಿ, ಕಾಯಿ" ಎಂದು ಹೇಳಿಕೊಟ್ಟವರೇ ಅವರು.

ಮಂಗಳವಾರ ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸಲು ಬಾಗಿಲು ತೆಗೆದೆ. ಎದುರು ಮನೆಯ ಜಗಲಿಯ ಮೇಲೆ ಎರಡು ತಾಮ್ರದ ಕೊಡ. ಹುಣಿಸೆಹಣ್ಣು ಹಚ್ಚಿ ಫಳಫಳ ಬೆಳಗಿದ್ದವು, ಹಬ್ಬಕ್ಕೆ ಬೆಳಗುವ ಹಾಗೆ. ಬಾಯಿ ಮೇಲಾಗಿ ನಿಂತಿದ್ದವು. ಸರದಿ ಬೀಬಮ್ಮನದು, ಅವರಿನ್ನೂ ಎದ್ದಿರಲಿಲ್ಲ. ನಾನೇ ಎತ್ತಿಕೊಂಡು ಕಟ್ಟೆ ಹತ್ತಿದೆ. ರಾಟೆಯ ಕಿರುಗುಟ್ಟುವಿಕೆ ಬೀದಿಗೆಲ್ಲ ಕೇಳಿತು.

ಎದುರಿನ ಕಿಟಕಿ ತೆರೆಯಿತು. ವಿಭೂತಿ ಇನ್ನೂ ಒದ್ದೆಯಿದ್ದ ಹಣೆ ಕಂಡಿತು.

"ಕಂಠದ ಮಟ್ಟ ತುಂಬಬೇಡ ಮಾರಾಯ್ತಿ," ಎಂದರು ಪಾರ್ವತಕ್ಕ. "ಒಳಗೆ ಎತ್ತಿಡೋಳು ನಾನೇ."